ಬದುಕಿದ್ದವನಿಗೆ ತಂದ ಹೂವು

ಬಾಥೆಲ್, ಅಮೆರಿಕಾ, ನಿನ್ನ ಮನೆಯ ಮೇಲಿನ ಕೋಣೆ
೧೨ ಜೂನ್ ೨೦೧೬, ರವಿವಾರ

ಚಿರಂಜೀವಿ ಚನ್ನವೀರನಿಗೆ,

ಚಿರಂಜೀವಿ ಎಂದು ಬರೆಯಲು ಕೈ ಬರುತ್ತಿರಲಿಲ್ಲ. ಹೆತ್ತ ತಪ್ಪಿಗೆ ಬರೆದಿದ್ದೇನೆ. ಆಶೀರ್ವಾದದ ಮಾತು ಮುಂದೆ ನೋಡೋಣ.

ನೀನು ಕೆಳಗೆ ಟಿವಿಯ ಮುಂದೆ ಕುಳಿತಿದ್ದೀ, ನಾನು ಮೇಲೆ ಕುಳಿತು ಬರೆಯುತ್ತಿದ್ದೇನೆ. ಒಂದೇ ಸೂರಿನ ಕೆಳಗೆ ಕಾಗದ ಬರೆಯುವ ಮುದುಕಿಗೆ ತಲೆ ಕೆಟ್ಟಿದೆ ಎಂದು ನಿನ್ನ ಹೆಂಡತಿ ವಿಜಯಶ್ರೀಯ ಮುಂದೆ ಹೇಳಬೇಡ. ಗುರುವಾರದಿಂದ ನಿನ್ನ ಕೂಡ ಮಾತು ಬಿಟ್ಟಿದ್ದೇನೆ. ನಮ್ಮ ಗುಳೇದಗುಡ್ಡದಲ್ಲಿ ಮಾತು ಬಿಟ್ಟವರು ಗೋಡೆಗೆ ಹೇಳುತ್ತಾರೆ, “ಏ ಗ್ವಾಡಿ, ಉಣ್ಣಾಕ ಬಾ ಅಂತ ಹೇಳು ಅವಗ” ಎಂದು. ಕೇಳಬೇಕಾದವರು ಕೇಳಿಸಿಕೊಳ್ಳುತ್ತಾರೆ. ನಿನ್ನ ಮನೆಯ ಗೋಡೆ ತಟ್ಟಿದರೆ ಖಾಲಿ ಡಬ್ಬ ಬಡಿದಂತೆ ಆಗುತ್ತದೆ, ಅದಕ್ಕೆ ಏನು ಹೇಳಲಿ. ನಾಲ್ಕನೇ ಇಯತ್ತೆಯವರೆಗೆ ಓದಿದ್ದೇನೆ. ಕಾಗದವನ್ನು ಬಾಯಿಗೆ ಬಂದಂತೆ ಬರೆಯಬಾರದು, ಪುಸ್ತಕದಲ್ಲಿ ಇದ್ದಂತೆ ಬರೆಯಬೇಕು ಎಂದು ಮಾಸ್ತರರು ಬೆರಳಿನ ಗೆಣ್ಣಿಗೆ ಹೊಡೆದು ಕಲಿಸಿದ್ದರು. ಹಾಗೆಯೇ ಬರೆಯುತ್ತೇನೆ. ನಾಳೆ ಇದು ನಿನ್ನ ಬುತ್ತಿಯ ಚೀಲದಲ್ಲಿ ಇರುತ್ತದೆ. ಕ್ಯಾನ್ಯನ್ ಪಾರ್ಕಿನ ಆಫೀಸಿನಲ್ಲಿ ರೊಟ್ಟಿ ಬಿಚ್ಚಿದಾಗ ಓದು. ನಿನ್ನ ಸಾಹೇಬ ಅಶ್ವತ್ಥ ಇಣುಕಿ ನೋಡಿ ಏನದು ಎಂದು ಕೇಳಿದರೆ ಅವನಿಗೂ ಓದಿ ಹೇಳು.

ಮೇ ತಿಂಗಳಲ್ಲಿ ನಿಕಿತಾ ಶಾಲೆಯ ಏನೋ ಕೆಲಸಕ್ಕೆ ಸಿಯಾಟಲ್‌ನ ಒಂದು ಮ್ಯೂಸಿಯಂಗೆ ಹೊರಟಳು. ಕಿಟಕಿಯಲ್ಲಿ ಅಳಿಲು ನೋಡಿ ನೋಡಿ ಬೇಸತ್ತಿದ್ದೆ, ನಾನೂ ಕಾರು ಹತ್ತಿದೆ. ತಿರುಗಿ ಬಂದ ಮೇಲೆ ನೀನು “ಹೆಂಗಿತ್ತಬೇ?” ಎಂದು ಕೇಳಿದಿ. ನಾನು ಬಾಯಿ ತೆರೆಯುವಷ್ಟರಲ್ಲಿ ಫೋನ್ ನೋಡುತ್ತಿದ್ದಿ. ಅಂದು ಕೇಳದ್ದನ್ನು ಇಂದು ಓದು.

ಅದು ಹಳೆಯ ಶಾಲೆಯ ಕಟ್ಟಡ. ಮೊದಲ ಕೋಣೆಯಲ್ಲಿ ಆಫ್ರಿಕಾದ ಚಿತ್ರಗಳು. ಅಲ್ಲಿಯ ಬಿಳಿಯರ ಸರಕಾರ ಕಪ್ಪು ಮಕ್ಕಳಿಗೆ, ಲೆಕ್ಕವನ್ನೂ ಚರಿತ್ರೆಯನ್ನೂ ನಮ್ಮ ಭಾಷೆಯಲ್ಲೇ ಕಲಿಯಿರಿ ಎಂದು ಕಟ್ಟು ಮಾಡಿತಂತೆ. ಮಕ್ಕಳು ಒಲ್ಲೆವೆಂದು ಶಾಲೆಯ ಅಂಗಿಯಲ್ಲೇ ಬೀದಿಗೆ ಬಂದರು. ಪೊಲೀಸರು ಗುಂಡು ಹಾರಿಸಿದರು. ಗೋಡೆಯ ತುಂಬ ಒಂದೇ ಫೋಟೋ. ಒಬ್ಬ ಹುಡುಗ ಇನ್ನೊಬ್ಬ ಚಿಕ್ಕವನನ್ನು ಎತ್ತಿಕೊಂಡು ಓಡುತ್ತಿದ್ದಾನೆ. ಚಿಕ್ಕವನ ಕೈಕಾಲು ಜೋತುಬಿದ್ದಿವೆ. ಪಕ್ಕದಲ್ಲಿ ಅವನ ಅಕ್ಕ, ಅಂಗೈ ಬಿಚ್ಚಿ ಗಾಳಿಗೆ ಬೇಡ ಬೇಡ ಎನ್ನುತ್ತ ಓಡುತ್ತಿದ್ದಾಳೆ. ಆ ಬೆಳಿಗ್ಗೆ ಅವರ ತಾಯಿ ಬೇಗ ಬನ್ನಿ ಎಂದು ಹೇಳಿ ಕಳಿಸಿರುತ್ತಾಳೆ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

“ಹೊಡದವನ ಫೋಟೋ ಎಲ್ಲೈತಿ?” ಎಂದೆ.

“ಅದು ಇಲ್ಲ ಅಜ್ಜಿ,” ಎಂದಳು ನಿಕಿತಾ.

“ಮೊದಲ ಅದನ್ನ ಹಾಕಬೇಕಿತ್ತು.”

ಎರಡನೇ ಕೋಣೆ ಇದೇ ಸಿಯಾಟಲ್‌ನದು. ಐವತ್ತು ವರ್ಷದ ಹತ್ತಿರವಾಯಿತು. ಇಬ್ಬರು ಕಪ್ಪು ಹುಡುಗಿಯರು ಕೂದಲನ್ನು ಹುಟ್ಟಿದ ಹಾಗೆಯೇ ಬಿಟ್ಟುಕೊಂಡು ಶಾಲೆಗೆ ಬಂದರೆಂದು, ನೆಟ್ಟಗೆ ಮಾಡಿಕೊಂಡು ಬನ್ನಿ ಎಂದು ಮನೆಗೆ ಅಟ್ಟಿದರಂತೆ. ಜೊತೆಯ ಮಕ್ಕಳು ಹೆಡ್ಮಾಸ್ತರನ ಕೋಣೆಗೆ ಹೋಗಿ ನೆಲದ ಮೇಲೆ ಕುಳಿತರು, ಏಳಲಿಲ್ಲ. ಇದನ್ನು ತಿಳಿಸಿ ಹೇಳಲು ನಿಂತವಳು ಲೊರೇನ್ ಎಂಬ ಹೆಂಗಸು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಫೋಟೋದಲ್ಲಿ ಮೊಣಕಾಲು ಅಪ್ಪಿಕೊಂಡು ಕುಳಿತ ಹುಡುಗಿಯ ಮೇಲೆ ಬೆರಳಿಟ್ಟು, ಇದು ನಾನು ಎಂದಳು. ಅವಳ ಮಾತನ್ನು ನಿಕಿತಾ ಮುರುಕು ಕನ್ನಡದಲ್ಲಿ ಹೇಳಿದಳು, ನಾನು ನೆಟ್ಟಗೆ ಮಾಡಿ ಬರೆಯುತ್ತಿದ್ದೇನೆ.

“ಇವರ ಕೂದಲಕ್ಕ ಆ ಹೆಡ್ಮಾಸ್ತರ ಎಣ್ಣಿ ಕೊಡಿಸ್ತಿದ್ನೇನ, ಕೇಳು,” ಎಂದೆ.

ಅವಳು ಬಗ್ಗಿ ನಕ್ಕಳು. ಹೆದರಿಕೆ ಆಗಲಿಲ್ಲವೇ ಎಂದು ಕೇಳಿದೆ. ಆಗಿತ್ತು ಎಂದಳು. ಮೂತ್ರಕ್ಕೆಂದು ಎದ್ದು ಹೊರಗೆ ಹೋದರೆ ಮತ್ತೆ ಒಳಗೆ ಬಿಡುವುದಿಲ್ಲವೆಂದು ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿಯದೆ ಕುಳಿತಿದ್ದಳಂತೆ. ಆ ಮಾತು ಕೇಳಿದ ಮೇಲೆ ನಾನು ಸುಮ್ಮನೆ ಕೈ ಬೀಸಿಕೊಂಡು ಬರುವವಳೇ? ಜೂನ್ ತಿಂಗಳ ಮೊದಲ ಶನಿವಾರ ಊಟಕ್ಕೆ ಹೇಳಿದೆ. ನಿಕಿತಾ ಮನೆಯ ವಿಳಾಸ, ನಿನ್ನ ಫೋನ್ ನಂಬರು ಬರೆದುಕೊಟ್ಟಳು, ಅವಳದನ್ನೂ ಬರೆದುಕೊಂಡಳು. ಮನೆಗೆ ಬಂದು ತಿಳಿಸಿದಾಗ ನೀನು “ಕರೀಬೇ, ಅದಕ್ಕೇನು” ಎಂದಿದ್ದಿ. ಅದೇ ಶನಿವಾರಕ್ಕೆ ಅಶ್ವತ್ಥನನ್ನೂ ಅವನ ಹೆಂಡತಿ ಕೌಸಲ್ಯಾಳನ್ನೂ ಕರೆದದ್ದು ಆಮೇಲೆ, ನೀನು.

ಶನಿವಾರ ಹೋಳಿಗೆ ಮಾಡಿದೆ, ಎಣ್ಣೆಗಾಯಿ ಮಾಡಿದೆ, ರೊಟ್ಟಿ ಬಡಿದೆ. ಸಂಜೆಗೆ ನೀನು ಅಡಿಗೆಮನೆಗೆ ಬಂದು, “ಆಕಿ ಫೋನ್ ಮಾಡಿದ್ಲಬೇ, ಬರಾಕ ಆಗೂದಿಲ್ಲಂತ” ಎಂದಿ. ನಂಬಿದೆ. ನಿನ್ನ ಸಾಹೇಬರು ನನ್ನ ಹೋಳಿಗೆ ತಿಂದು ಹೋದರು.

ಗುರುವಾರ ಸಂಜೆ ಗಂಟೆ ಬಾರಿಸಿತು. ನಾನೂ ನಿಕಿತಾಳೂ ಇದ್ದೆವು. ಬಾಗಿಲು ತೆಗೆದರೆ ಲೊರೇನ್. ಇಸ್ತ್ರಿ ಮಾಡಿದ ನೀಲಿ ಅಂಗಿ, ಒಂದು ಕೈಯಲ್ಲಿ ಬಿಳಿ ಹೂವು, ಇನ್ನೊಂದರಲ್ಲಿ ಗೆಣಸಿನ ಹೂರಣ ತುಂಬಿ ಸುಟ್ಟ ಸಿಹಿ. ಒಳಗೆ ಬಾ ಎಂದು ಕರೆದೆ, ತಲೆ ಅಲ್ಲಾಡಿಸಿ ಹೊಸ್ತಿಲ ಆಚೆಗೇ ನಿಂತಳು. ಬಗ್ಗಿ ಎರಡನ್ನೂ ಕೆಳಗಿಟ್ಟು ನನ್ನ ಕೈ ಹಿಡಿದು ಏನೋ ಹೇಳಿದಳು. ನಿಕಿತಾಳ ಮುಖ ಬಿಳಿಚಿತು.

“ಏನಂತಾಳ?” ಎಂದೆ. ಅವಳು ಕೆಳಗಿಟ್ಟ ಹೂವನ್ನು ನೋಡಿದಳು. “ಏನಂತಾಳ ಹೇಳಲೇ.”

“ಅಜ್ಜಿ, ನಿಮ್ಮ ಬ್ರದರ್... ಸಂಗನಬಸಪ್ಪ ಅಜ್ಜ ಸತ್ತಾರಂತ. ಅದಕ್ಕ ಸಾರಿ ಅಂತಾರ.”

ಚನ್ನವೀರ, ಪರದೇಶಕ್ಕೆ ಹೋದವರಿಗೆ ಸಾವಿನ ಸುದ್ದಿ ಮುಚ್ಚಿಡುತ್ತಾರೆಂದು ನನಗೆ ಗೊತ್ತು. ನನ್ನ ಅಣ್ಣ ಹೋದ, ಮಗ ನನಗೆ ಮುಚ್ಚಿಟ್ಟ ಎಂದೇ ತಿಳಿದೆ. ಅಲ್ಲೇ ಕುಸಿದು ಎದೆ ಬಡಿದುಕೊಂಡೆ. ನನ್ನನ್ನು ಹಿಡಿದುಕೊಂಡವಳು ಆ ಹೆಂಗಸು. ನಿಕಿತಾ ಊರಿಗೆ ಫೋನ್ ಹಚ್ಚಿದಳು. ಅಲ್ಲಿ ನಸುಕು. ಆ ಕಡೆಯಿಂದ ಅಣ್ಣನ ಧ್ವನಿಯೇ ಬಂತು.

“ಯಾರಬೇ ಇಷ್ಟ ಲಗೂನ? ಇನ್ನಾ ಮಾರಿ ತೊಳಕೊಂಡಿಲ್ಲ.”

ಲೊರೇನಳಿಗೂ ಆ ಧ್ವನಿ ಕೇಳಿಸಿತು, ಅದು ಆ ಅಣ್ಣನದೇ ಎಂದು ನಿಕಿತಾ ತಿಳಿಸಿದಳು. ಅವಳು ನಿಕಿತಾಳನ್ನು ನೋಡಿ, ಹಾಗಾದರೆ ಸತ್ತವರು ಯಾರು, ಯಾಕೆ ಹಾಗೆ ಹೇಳಿದರು ಎಂದು ಕೇಳಿದಳು. ನಿಕಿತಾ ಎರಡೇ ಶಬ್ದ ಹೇಳಿದಳು. “ಮೈ ಡ್ಯಾಡ್.” ಅಷ್ಟು ಇಂಗ್ಲಿಷು ನನಗೆ ಬರುತ್ತದೆ.

ಲೊರೇನ್ ಮೆಲ್ಲಗೆ ನನ್ನ ಕೈ ಬಿಟ್ಟು ಎದ್ದಳು. ಸಿಹಿಯನ್ನು ತೋರಿಸಿ, ಇದರಲ್ಲಿ ಮೊಟ್ಟೆ ಹಾಕಿಲ್ಲ, ನೀವು ತಿನ್ನುವುದಿಲ್ಲವೆಂದು ಹುಡುಗಿ ಹೇಳಿದ್ದಳು, ತಿನ್ನಿರಿ ಎಂದಳು. ಹೂವನ್ನು ಎತ್ತಿಕೊಂಡಳು. ಇದು ನಿಮ್ಮ ಅಣ್ಣನಿಗೆ ತಂದದ್ದು, ಅವರಿಗೆ ಬೇಕಾಗಿಲ್ಲ ಎಂದು ಹಿಂದಕ್ಕೆ ತೆಗೆದುಕೊಂಡು ಹೋದಳು.

ಅವಳ ಮನೆಯ ಬಾಗಿಲಿಗೆ ಹೋಗು. ನಡೆದದ್ದನ್ನು ನಡೆದ ಹಾಗೆ ಹೇಳು. ನಾನು ಹೇಳಿದ ಊಟಕ್ಕೆ ನೀನೇ ಬಾಯಿ ಬಿಟ್ಟು ಮತ್ತೆ ಕರೆ. ಅಲ್ಲಿಯವರೆಗೆ ನಿನಗೆ ನನ್ನ ಮಾತಿಲ್ಲ. ಸೆಪ್ಟೆಂಬರ್ ಕೊನೆಗೆ ನನ್ನ ವಿಮಾನವಿದೆ. ಹೇಳಿದ ಊಟ ಬಡಿಸದೆ ನಾನು ಈ ಊರು ಬಿಡುವವಳಲ್ಲ.

ನಿನ್ನ ತಾಯಿ,
ಶಾಂತವ್ವ


ಬಾಥೆಲ್
೧೫ ಜೂನ್ ೨೦೧೬

ಅವ್ವನಿಗೆ ಚನ್ನವೀರನ ನಮಸ್ಕಾರ.

ಕನ್ನಡ ಬರೆದು ವರ್ಷಗಳಾದವು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ಎದುರಿಗೆ ಮಾತಾಡಿದರೆ ನೀನು ಬಾಗಿಲು ಹಾಕಿಕೊಳ್ಳುತ್ತೀ, ಅದಕ್ಕೆ ನಿನ್ನ ಚಹಾದ ಬಟ್ಟಲಿನ ಕೆಳಗೆ ಇಡುತ್ತಿದ್ದೇನೆ.

ನನಗೆ ಬಣ್ಣದ ಭೇದ ಇಲ್ಲ. ಆಫೀಸಿನಲ್ಲಿ ಎಲ್ಲರ ಜೊತೆ ಕುಳಿತು ಊಟ ಮಾಡುತ್ತೇನೆ. ಆ ದಿನ ಆದದ್ದು ಬೇರೆ. ಕೌಸಲ್ಯಾ ಮೇಡಂ ಬೆಳಿಗ್ಗೆ ವಿಜಯಶ್ರೀಗೆ ಫೋನ್ ಮಾಡಿ, “ಮತ್ತೆ ಯಾರ್ಯಾರು ಬರ್ತಾ ಇದಾರೆ?” ಎಂದು ಕೇಳಿದರು. ಇವಳು ಹೇಳಿದಳು. ಅವರು “ಓ” ಅಂದರು. ಆಮೇಲೆ, “ಹಾಗಾದ್ರೆ ನಾವು ಇನ್ನೊಂದ್ಸಲ ಬರ್ತೀವಿ ಬಿಡಿ” ಅಂದರು. ಈ ವರ್ಷ ನನ್ನ ಗ್ರೀನ್ ಕಾರ್ಡಿನ ಕಾಗದ ಅಶ್ವತ್ಥ ಅವರ ಕೈ ದಾಟಿ ಮುಂದೆ ಹೋಗಬೇಕು. ಹೋಗದಿದ್ದರೆ ನಾವು ಗಂಟುಮೂಟೆ ಕಟ್ಟಬೇಕು, ನಿಕಿತಾಳ ಕಾಲೇಜು ಕೆಡುತ್ತದೆ. ನಿನಗೆ ಇಲ್ಲಿಯ ವ್ಯವಹಾರ ಗೊತ್ತಿಲ್ಲ.

ಲೊರೇನಳಿಗೆ ನಾನೇ ಫೋನ್ ಮಾಡಿದೆ. ನಿನಗೆ ಆರಾಮಿಲ್ಲ ಎಂದರೆ ಆಕೆ ನೋಡಲು ಬರುತ್ತಾಳೆ. ಸಾವು ಎಂದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಹನ್ನೊಂದು ದಿನ ಸೂತಕ, ಹೊರಗಿನವರು ಒಳಗೆ ಬರುವಂತಿಲ್ಲ, ನಮ್ಮ ಪದ್ಧತಿ ಎಂದೆ. ಮಾಮಾನ ಹೆಸರು ಹೇಗೆ ಬಾಯಿಗೆ ಬಂತೋ ನನಗೇ ತಿಳಿಯದು. ಆಕೆ ಹೂವು ಹಿಡಿದು ಬರುತ್ತಾಳೆಂದು ಕನಸು ಬಿದ್ದಿತ್ತೇ? ಇಷ್ಟಕ್ಕೆ ಇಷ್ಟು ಸಿಟ್ಟು ಬೇಡ. ಮಾತಾಡು.

ನಿನ್ನ ಮಗ,
ಚನ್ನವೀರ


ಬಾಥೆಲ್
೧೬ ಜೂನ್ ೨೦೧೬

ಚನ್ನವೀರನಿಗೆ,

ಓದಿದೆ. ಇನ್ನೊಮ್ಮೆ ಓದಿದೆ. ಆಗಲೂ ಅದೇ ಇತ್ತು.

ಸೂತಕವೆಂದೆಯಾ? ಕೊರಳಲ್ಲಿ ಲಿಂಗ ಕಟ್ಟಿದ ಮನೆಗೆ ಸೂತಕ ಯಾವ ದಾರಿಯಿಂದ ಬಂತು? ನಿಮ್ಮ ಅಪ್ಪ ಹೋದ ದಿನ ಮಣ್ಣು ಕೊಟ್ಟು ಬಂದು, ಮಿಂದು, ಲಿಂಗಪೂಜೆ ಮಾಡಿ, ಬಂದವರಿಗೆಲ್ಲ ಎಲೆ ಹಾಕಿ ಬಡಿಸಿದೆವು. ಅಂದು ಉಂಡವರಲ್ಲಿ ನೀನೂ ಒಬ್ಬ. ನಮಗೆ ಸೂತಕವಿಲ್ಲ ಎಂಬುದೇ ನಮ್ಮ ಹಿರಿಯರು ಗಳಿಸಿಟ್ಟ ಆಸ್ತಿ. ನೀನು ಅದನ್ನು ಬಿಟ್ಟು ಇನ್ನೊಬ್ಬರ ಮನೆಯ ಸೂತಕ ಎರವಲು ತಂದು ಬಾಗಿಲಿಗೆ ಕಟ್ಟಿದಿ. ಆ ಹೆಂಗಸು ಯಾಕೆ ಹೊಸ್ತಿಲು ದಾಟಲಿಲ್ಲವೆಂದು ನನಗೆ ಅಂದು ತಿಳಿದಿರಲಿಲ್ಲ. ಇಂದು ತಿಳಿಯಿತು. ನೀನು ಹೇಳಿದ ಸುಳ್ಳು ಪದ್ಧತಿಗೆ ಅವಳು ಮರ್ಯಾದೆ ಕೊಟ್ಟು ಹೊರಗೆ ನಿಂತಿದ್ದಳು. ನಿನ್ನ ಮನೆಯಲ್ಲಿ ಆ ದಿನ ಪದ್ಧತಿ ಪಾಲಿಸಿದವಳು ಅವಳೊಬ್ಬಳೇ.

ಬಣ್ಣದ ಭೇದ ಇಲ್ಲವಂತೆ. ಕೌಸಲ್ಯಾ “ಓ” ಎಂದದ್ದಕ್ಕೆ ಸೋದರಮಾವನನ್ನು ಕೊಂದಿ. ಇನ್ನೂ ಎರಡು ಶಬ್ದ ಆಡಿದ್ದರೆ ನನ್ನನ್ನೂ ಕೊಲ್ಲುತ್ತಿದ್ದಿ.

ನನಗೆ ಇಲ್ಲಿಯ ವ್ಯವಹಾರ ಗೊತ್ತಿಲ್ಲ ಎಂದು ಬರೆದಿದ್ದೀ. ನಾನು ಬಂದ ಹೊಸದರಲ್ಲಿ ಅಶ್ವತ್ಥನ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಹ್ಯಾಗೆ ಉಂಡೆವು, ನೆನಪಿದೆಯೇ? ನಮ್ಮನ್ನು ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ ಮಡಚುವ ಮೇಜು ಹಾಕಿ ಕೂಡಿಸಿದರು. ನಾನು ಕೇಳಿದ್ದಕ್ಕೆ “ಒಳಗ ಜಾಗಾ ಇಲ್ಲಬೇ” ಎಂದಿ. ಕೈ ತೊಳೆಯಲು ಒಳಗೆ ಹೋದಾಗ ನೋಡಿದೆ. ಅವರದೇ ಜನ ಸಾಲಾಗಿ ಕುಳಿತಿದ್ದರು, ನಡುವೆ ಖಾಲಿ ಚಾಪೆಗಳಿದ್ದವು. ನೀನು ಮಜ್ಜಿಗೆ ಕುಡಿಯುತ್ತ ಅಶ್ವತ್ಥನ ಕಾರನ್ನು ಹೊಗಳುತ್ತಿದ್ದಿ. ಮಗನ ಮುಖ ಬಾಡಬಾರದೆಂದು ನಾನು ಬಾಯಿ ಮುಚ್ಚಿಕೊಂಡೆ. ನಿನಗೂ ಗೊತ್ತಿತ್ತು. ಗೊತ್ತಿದ್ದವನೇ ಅವರನ್ನು ಕರೆದು ನನ್ನ ಹೋಳಿಗೆ ಉಣ್ಣಿಸಿದಿ, ಅವರಿಗಾಗಿ ಇನ್ನೊಬ್ಬಳನ್ನು ಹೊರಗೆ ನಿಲ್ಲಿಸಿದಿ.

ಒಂದು ತಪ್ಪು ತಿಳುವಳಿಕೆ ನನ್ನದಿತ್ತು. ಮಗನ ಮನೆ, ನನ್ನ ಮನೆ ಎಂದು ತಿಳಿದು ಊಟಕ್ಕೆ ಹೇಳಿದ್ದೆ. ಅದು ಅಶ್ವತ್ಥನ ಮನೆ ಎಂದು ಮೊದಲೇ ತಿಳಿಸಿದ್ದರೆ ಕೇಳಿಕೊಂಡು ಹೇಳುತ್ತಿದ್ದೆ.

ಹೋಗಿ ಕರೆದು ಬಾ.

ಶಾಂತವ್ವ


ಬಾಥೆಲ್
೨೪ ಜುಲೈ ೨೦೧೬

ಚನ್ನವೀರನಿಗೆ,

ನಿನ್ನ ಉತ್ತರ ಬರುವುದೆಂದು ಚಹಾದ ಬಟ್ಟಲು ಎತ್ತಿ ಎತ್ತಿ ನೋಡಿದೆ. ಉತ್ತರದ ಬದಲು ರೇಷ್ಮೆ ಸೀರೆ ಬಂತು. ಅದನ್ನು ವಿಜಯಶ್ರೀಯ ಕಪಾಟಿನಲ್ಲಿ ಇಟ್ಟಿದ್ದೇನೆ.

ನಿನ್ನೆ ನಿಕಿತಾ ನನ್ನನ್ನು ಮತ್ತೆ ಆ ಮ್ಯೂಸಿಯಂಗೆ ಕರೆದುಕೊಂಡು ಹೋದಳು. ಲೊರೇನ್ ಮೊದಲ ಕೋಣೆಯಲ್ಲಿ ಒಂದು ಹಿಂಡು ಮಕ್ಕಳಿಗೆ ಆ ಓಡುವ ಹುಡುಗನ ಫೋಟೋ ತೋರಿಸಿ ಹೇಳುತ್ತಿದ್ದಳು. ಮುಗಿಯುವವರೆಗೆ ಮೂಲೆಯಲ್ಲಿ ನಿಂತೆವು. ಅವಳು ನಮ್ಮನ್ನು ನೋಡಿದಳು, ಆದರೂ ಮಾತನ್ನು ಗಡಿಬಿಡಿಯಲ್ಲಿ ಮುಗಿಸಲಿಲ್ಲ. ನನಗೆ ಅದು ಸೇರಿತು.

ಮಗನ ಪರವಾಗಿ ತಪ್ಪಾಯಿತು ಎಂದು ನಾನು ಹೇಳಲಿಲ್ಲ. ನಿನ್ನ ತಪ್ಪು ನಿನ್ನ ಬಾಯಿಂದ ಬರಬೇಕು. ನನಗೆ ತಿಳಿದಿರಲಿಲ್ಲ ಎಂದಷ್ಟೇ ಹೇಳಿದೆ. ಅದು ನನಗೆ ಗೊತ್ತು ಎಂದಳು. ಎದೆ ಬಡಿದುಕೊಳ್ಳುವುದನ್ನು ನೋಡಿದ್ದಳಲ್ಲ. ಆಮೇಲೆ ಅವಳು ಹೇಳಿದ್ದನ್ನು ನಿಕಿತಾ ನಿಂತು ನಿಂತು ತಿಳಿಸಿದಳು.

“ನಿಮ್ಮ ಮಗನ ಧ್ವನಿ ಫೋನಿನಲ್ಲಿ ಬಹಳ ಮೆತ್ತಗಿತ್ತು. ಆ ಮೆತ್ತನೆಯ ಧ್ವನಿ ನನಗೆ ಹುಡುಗಿಯಾಗಿದ್ದಾಗಿನಿಂದ ಪರಿಚಯ. ಬಾಡಿಗೆಗೆ ಮನೆ ಕೇಳಲು ಹೋದರೆ, ಅಯ್ಯೋ ಈಗಷ್ಟೇ ಕೊಟ್ಟೆವಲ್ಲ ಎನ್ನುವ ಧ್ವನಿ. ಬೇರೆ ಯಾವ ನೆಪ ಹೇಳಿದ್ದರೂ ತಿಳಿಯುತ್ತಿತ್ತು. ಸಾವು ಎಂದರು, ಅದಕ್ಕೆ ನಂಬಿದೆ. ಸಾವನ್ನು ಯಾರೂ ನೆಪ ಮಾಡುವುದಿಲ್ಲ ಎಂದುಕೊಂಡಿದ್ದೆ.”

ಗೋಡೆಯ ಮೇಲೆ ಆ ಹುಡುಗನನ್ನು ಎತ್ತಿಕೊಂಡು ಓಡುವವನಿದ್ದ. ನಿಜವಾದ ಸಾವುಗಳನ್ನು ಧೂಳು ಒರೆಸಿ ಕಾಯುವವಳ ಮುಂದೆ ನೀನು ಒಂದು ಹುಸಿ ಸಾವು ಇಟ್ಟಿದ್ದಿ.

ಅವಳು ಇನ್ನೂ ಒಂದು ಹೇಳಿದಳು. ಹೆಡ್ಮಾಸ್ತರನ ಕೋಣೆಯಲ್ಲಿ ಕುಳಿತ ಸಂಜೆ ಅವಳ ಅಪ್ಪ ಕೆಲಸದಿಂದ ನೇರವಾಗಿ ಅಲ್ಲಿಗೆ ಬಂದು, ಎದ್ದು ಬಾ, ಅವರನ್ನು ಸಿಟ್ಟಿಗೆಬ್ಬಿಸಬೇಡ, ನನ್ನ ನೌಕರಿ ಇದೆ ಎಂದನಂತೆ. ನಿಕಿತಾ ಇದನ್ನು ಹೇಳುವಾಗ ನನ್ನನ್ನು ನೋಡಲಿಲ್ಲ, ನೆಲ ನೋಡಿದಳು. ಆ ಹುಡುಗಿಗೆ ನೀನು ಇಷ್ಟು ದೊಡ್ಡ ಪಾಠ ಕಲಿಸಿದ್ದೀ.

ನಿಮ್ಮ ಮನೆಗೆ ನಾನು ಬರುವುದಿಲ್ಲ, ನಿಮ್ಮ ಮಗ ಕರೆದರೂ ಬರುವುದಿಲ್ಲ ಎಂದಳು ಲೊರೇನ್. ಸರಿ ಎಂದೆ. ಅವಳ ಜಾಗದಲ್ಲಿ ನಾನಿದ್ದರೆ ಇಷ್ಟು ಮಾತೂ ಆಡುತ್ತಿರಲಿಲ್ಲ. ಹಾಗಾಗಿ ಊಟಕ್ಕೆ ಕರೆಯುವ ಕೆಲಸ ನಿನ್ನ ಕೈ ತಪ್ಪಿತು. ಹೋಗಿ ತಪ್ಪೊಪ್ಪಿಕೊಳ್ಳುವ ಕೆಲಸ ಉಳಿದಿದೆ.

ಅಣ್ಣನಿಗೆ ಫೋನಿನಲ್ಲಿ ಎಲ್ಲ ತಿಳಿಸಿದ್ದೇನೆ. ಮೊದಲು ನಕ್ಕ. “ನನ್ನ ದಿನಕರ್ಮ ಯಾವಾಗ ಮಾಡ್ತಾನಂತ? ನಾನೂ ಬಂದು ಎರಡು ಹೋಳಿಗಿ ತಿಂದು ಹೋಗ್ತೇನಿ” ಎಂದ. ಆಮೇಲೆ, “ಅಲ್ಲಬೇ ಶಾಂತಾ, ಯಾರನ್ನ ತಡಿಯಾಕ ನನ್ನ ಕೊಂದ?” ಎಂದು ಕೇಳಿದ. ಹೇಳಿದೆ. ಅವನು ಫೋನ್ ಇಟ್ಟುಬಿಟ್ಟ.

ಶಾಂತವ್ವ


ಬಾಥೆಲ್
೨೧ ಆಗಸ್ಟ್ ೨೦೧೬

ಅವ್ವನಿಗೆ ನಮಸ್ಕಾರ.

ಇನ್ನು ಸಾಕು. ನಿಕಿತಾ ಈಗ ನನ್ನ ಜೊತೆ “ಫೈನ್”, “ಓಕೆ” ಬಿಟ್ಟರೆ ಮಾತಾಡುವುದಿಲ್ಲ. ವಿಜಯಶ್ರೀ ಇಬ್ಬರ ನಡುವೆ ಓಡಾಡಿ ಸುಸ್ತಾಗಿದ್ದಾಳೆ. ಮಾಮಾ ನನ್ನ ಫೋನ್ ಎತ್ತುತ್ತಿಲ್ಲ.

ನಾನು ಕೈಕಟ್ಟಿ ಕುಳಿತಿಲ್ಲ. ಆಕೆಗೆ ಇ-ಮೇಲ್ ಕಳಿಸಿದ್ದೆ, ತಪ್ಪು ತಿಳುವಳಿಕೆ ಆಯಿತು, ಬೇಜಾರು ಆಗಿದ್ದರೆ ಕ್ಷಮಿಸಿ ಎಂದು. ಉತ್ತರವಿಲ್ಲ. ಈಗ ಒಂದು ದಾರಿ ಹೊಳೆದಿದೆ. ಬರುವ ವಾರ ಅಶ್ವತ್ಥ ಅವರ ಮನೆಯವರೆಲ್ಲ ಕೆನಡಾಕ್ಕೆ ಹೋಗುತ್ತಾರೆ. ಆ ಭಾನುವಾರ ಲೊರೇನ್ ಅವರನ್ನು ಕರೆಯೋಣ. ನಾವಷ್ಟೇ ಇರುತ್ತೇವೆ. ನೀನು ಹೋಳಿಗೆ ಮಾಡು. ನಾನೇ ಕಾರಿನಲ್ಲಿ ಕರೆತರುತ್ತೇನೆ. ನಿನ್ನ ಮಾತೂ ಉಳಿಯುತ್ತದೆ, ನನ್ನ ಕೆಲಸಕ್ಕೂ ತೊಂದರೆ ಇಲ್ಲ.

ಚನ್ನವೀರ


ಬಾಥೆಲ್
೨೨ ಆಗಸ್ಟ್ ೨೦೧೬

ಚನ್ನವೀರನಿಗೆ,

ಸಾಹೇಬ ಊರಲ್ಲಿ ಇಲ್ಲದ ದಿನ ನೋಡಿ ಕರೆಯುವುದು ಊಟವಲ್ಲ, ಕಳವು. ಬರುವುದಿಲ್ಲ ಎಂದವಳನ್ನು ಮುಂದಿನ ಬಾಗಿಲಿನಿಂದ ತರುತ್ತೀಯೋ, ಹಿತ್ತಲಿನಿಂದಲೋ? ಕಾರಿನಲ್ಲಿ ಅವಳ ಮೇಲೆ ಚಾದರ ಹೊದಿಸುತ್ತೀಯೋ?

ಇ-ಮೇಲನ್ನು ಲೊರೇನ್ ನಿಕಿತಾಳಿಗೆ ಕಳಿಸಿದ್ದಳು, ಅವಳು ಓದಿ ಹೇಳಿದಳು. ಬೇಜಾರು ಆಗಿದ್ದರೆ ಎಂದು ಬರೆದಿದ್ದೀ. ಕಾಲು ತುಳಿದು, ನೋವಾಗಿದ್ದರೆ ಎನ್ನುತ್ತಾರೆಯೇ? ಸುಳ್ಳು ಹೇಳಿದೆ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲವಂತೆ. ತಪ್ಪು ತಿಳುವಳಿಕೆ ಯಾರದು? ಅವಳು ಸರಿಯಾಗಿಯೇ ತಿಳಿದುಕೊಂಡಳು.

ನಿನ್ನ ಕಷ್ಟ ನನಗೆ ತಿಳಿಯದೆ ಇಲ್ಲ. ಕಾಗದ ಮುಂದೆ ಹೋಗಬೇಕು, ಸಾಲ ತೆಗೆದು ಕೊಂಡ ಮನೆ ಉಳಿಯಬೇಕು, ಮಗಳು ಓದಬೇಕು. ಬೇಕಾಗಿದ್ದರೆ ನನ್ನ ಹತ್ತಿರ ಬಂದು, ಅವ್ವ, ನನಗೆ ಹೆದರಿಕೆಯಾಗುತ್ತದೆ, ನಿನ್ನ ಅತಿಥಿಗೆ ಬೇರೆ ದಿನ ಹೇಳು ಎನ್ನಬಹುದಿತ್ತು. ಬೈಯುತ್ತಿದ್ದೆ. ಬೈದು ಅವಳ ಹತ್ತಿರ ಹೋಗಿ, ನನ್ನ ಮಗ ಪುಕ್ಕಲ ಎಂದು ನಾನೇ ಹೇಳುತ್ತಿದ್ದೆ. ಪುಕ್ಕಲತನಕ್ಕೆ ಜಗತ್ತಿನಲ್ಲಿ ಎಲ್ಲ ಕಡೆ ಕ್ಷಮೆಯಿದೆ.

ನಾನು ನನ್ನ ದಾರಿ ಮಾಡಿಕೊಂಡಿದ್ದೇನೆ. ಅವಳ ಅಡಿಗೆಮನೆಯನ್ನು ಒಂದು ದಿನಕ್ಕೆ ಕೇಳಿದೆ. ನಿಮ್ಮ ಊಟ, ನನ್ನ ಮನೆ, ಆಗಬಹುದು ಎಂದಳು. ಅವಳು ಟಕ್ವಿಲಾದಲ್ಲಿ ಇರುತ್ತಾಳೆ. ಹುಟ್ಟಿ ಬೆಳೆದ ಓಣಿಯಲ್ಲಿ ಬಾಡಿಗೆ ಏರಿ ಏರಿ ಅಲ್ಲಿಂದ ಎಬ್ಬಿಸಿದರಂತೆ. ಬರುವ ಶನಿವಾರ ಹಿಟ್ಟು, ಬದನೆಕಾಯಿ, ಹಂಚು ಕಟ್ಟಿಕೊಂಡು ಹೋಗುತ್ತೇನೆ. ನಿಕಿತಾ ಕಾರು ನಡೆಸುತ್ತಾಳೆ. ನೀನು ಬರಬೇಕಾಗಿಲ್ಲ.

ಶಾಂತವ್ವ


ಬಾಥೆಲ್
೨ ಅಕ್ಟೋಬರ್ ೨೦೧೬

ಅವ್ವನಿಗೆ ನಮಸ್ಕಾರ.

ಕ್ಷೇಮವಾಗಿ ಗುಳೇದಗುಡ್ಡ ಮುಟ್ಟಿದ ಸುದ್ದಿ ಮಾಮಾ ವಿಜಯಶ್ರೀಗೆ ತಿಳಿಸಿದರು. ನನಗೆ ಯಾರೂ ತಿಳಿಸಲಿಲ್ಲ.

ಒಂದು ಮಾತು ಹೇಳದೆ ಉಳಿದಿದೆ, ಬರೆದುಬಿಡುತ್ತೇನೆ. ಆ ಶನಿವಾರ ಹೆದ್ದಾರಿಯಲ್ಲಿ ಅಷ್ಟು ದೂರ ನಿಕಿತಾ ಒಬ್ಬಳೇ ನಡೆಸುವುದು ಬೇಡವೆಂದು ನಾನೇ ಕೀಲಿಕೈ ತೆಗೆದುಕೊಂಡೆ. ನೀನು ಬೇಡ ಎನ್ನಲಿಲ್ಲ, ಹಿಂದಿನ ಸೀಟಿನಲ್ಲಿ ಹಂಚು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿ. ಟಕ್ವಿಲಾದಲ್ಲಿ ನೀವಿಬ್ಬರೂ ಇಳಿದು ಮೆಟ್ಟಿಲು ಹತ್ತಿದಿರಿ. ನಾನು ಕೆಳಗೆ ಕಾರಿನಲ್ಲಿ ಕುಳಿತೆ. ಮಧ್ಯಾಹ್ನ ಪೂರ್ತಿ ಕುಳಿತೆ. ಮೇಲಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಬದನೆಕಾಯಿಯ ವಾಸನೆ ಬರುತ್ತಿತ್ತು. ನೀವು ಮೂವರು ನಗುವುದು ಕೇಳಿಸಿತು. ಒಮ್ಮೆ ಆಕೆ ಕಿಟಕಿಗೆ ಬಂದು ನನ್ನನ್ನು ನೋಡಿದರು. ಈಗ ಕರೆಯುತ್ತಾರೆ ಎಂದು ಕಾರಿನ ಬಾಗಿಲು ಅರ್ಧ ತೆರೆದೆ. ಯಾರೂ ಕರೆಯಲಿಲ್ಲ. ವಿಮಾನ ನಿಲ್ದಾಣದಲ್ಲಿಯೂ ನೀನು ನಿಕಿತಾಳ ತಲೆ ಸವರಿ, ನನ್ನ ಕಡೆ ನೋಡಿ, ಹೊರಟುಹೋದಿ.

ಹೆತ್ತ ತಾಯಿ ಮಗನನ್ನು ಉಪವಾಸ ಕೂಡಿಸಿ ಉಣ್ಣಬಹುದೇ? ನೀನು ಒಂದು ಮಾತು ಹೇಳಿದ್ದರೆ ಆಕೆ ಒಳಗೆ ಕರೆಯುತ್ತಿದ್ದರು. ಯಾಕೆ ಹೇಳಲಿಲ್ಲ?

ನಿನ್ನ ಮಗ,
ಚನ್ನವೀರ


ಗುಳೇದಗುಡ್ಡ
೧೬ ಅಕ್ಟೋಬರ್ ೨೦೧೬

ಚನ್ನವೀರನಿಗೆ,

ಕಾಗದ ಮುಟ್ಟಿತು. ನಾಲ್ಕು ತಿಂಗಳಲ್ಲಿ ಸುತ್ತಿಬಳಸದೆ ಬರೆದ ಮೊದಲ ಕಾಗದ ಇದು. ಅದಕ್ಕೆ ಉತ್ತರ ಕೊಡುತ್ತೇನೆ.

ಅವಳ ಅಡಿಗೆಮನೆ ಚಿಕ್ಕದು, ಇಬ್ಬರು ನಿಂತರೆ ಮೊಣಕೈ ತಾಗುತ್ತದೆ. ರೊಟ್ಟಿ ಬಡಿಯಲು ಶುರು ಮಾಡಿದೊಡನೆ ಕೆಳಗಿನ ಮನೆಯವನು ಸೂರಿಗೆ ಕೋಲಿನಿಂದ ಕುಟ್ಟಿದ. ಲೊರೇನ್ ನೆಲವನ್ನು ನೋಡಿ, ಇವನು ಅಪರಾತ್ರಿಯಲ್ಲಿ ಹಾಡು ಹಚ್ಚುತ್ತಾನೆ, ನೀವು ಬಡಿಯಿರಿ ಎಂದಳು. ನಾನು ಇನ್ನಷ್ಟು ಗಟ್ಟಿಯಾಗಿ ಬಡಿದೆ. ಅವಳೂ ಒಂದು ಬಡಿಯಲು ಕುಳಿತಳು, ಅದು ಭಾರತದ ನಕಾಶೆಯಂತಾಯಿತು. ನಿಕಿತಾ ಅದನ್ನೇ ಬೇಕೆಂದು ತೆಗೆದುಕೊಂಡಳು. ನೀನು ಕೇಳಿದ ನಗು ಅದು.

ಅವಳು ಮೊದಲ ತುತ್ತು ಬಾಯಿಗೆ ಇಡುವಾಗ ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಅಗಿದು, ಬಹಳ ಖಾರ ಎಂದಳು, ಕಣ್ಣಲ್ಲಿ ನೀರು ಬಂತು, ಮತ್ತೆ ಹಾಕು ಎಂದು ತಟ್ಟೆ ಮುಂದೆ ಮಾಡಿದಳು. ನಾನು ಹೇಳಿದ ಊಟ ನಾನು ಬಡಿಸಿದೆ. ನನ್ನ ಮಾತಿನ ಭಾರ ಇಳಿಯಿತು. ನಿನ್ನ ಮೇಲಿನ ಸಿಟ್ಟು ಇಳಿಯಲಿಲ್ಲ. ಅದು ಬೇರೆ ಗಡಿಗೆಯಲ್ಲಿದೆ.

ನಿನ್ನನ್ನು ಯಾಕೆ ಕರೆಯಲಿಲ್ಲ ಎಂದು ಕೇಳಿದ್ದೀ. ಕರೆಯಲು ಅದು ನನ್ನ ಮನೆಯಲ್ಲ. ಇನ್ನೊಬ್ಬರ ಮನೆಗೆ ನಾನು ಊಟಕ್ಕೆ ಜನರನ್ನು ಕರೆದರೆ ಏನಾಗುತ್ತದೆಂದು ಜೂನ್ ತಿಂಗಳಲ್ಲಿ ಕಲಿತಿದ್ದೇನೆ. ನೀನು ಹದಿನೈದು ಮೆಟ್ಟಿಲು ಹತ್ತಿ ಬಂದು ಬಾಗಿಲು ತಟ್ಟಿ, ನಾನು ಸುಳ್ಳು ಹೇಳಿದೆ ಎಂದಿದ್ದರೆ, ತೆರೆಯುವುದು ಬಿಡುವುದು ಅವಳ ಕೈಯಲ್ಲಿತ್ತು. ನೀನು ಹತ್ತಲಿಲ್ಲ. ಕರೆಯಲಿ ಎಂದು ಕಾಯುತ್ತ ಕುಳಿತಿ. ತಪ್ಪು ಮಾಡಿದವನನ್ನು ಊಟಕ್ಕೆ ಕರೆದು ಕೂಡಿಸುವ ಮನೆ ನನ್ನದೊಂದೇ ಇತ್ತು, ಅದನ್ನೂ ನೀನು ಕೆಡಿಸಿಕೊಂಡಿ. ಈಗಲೂ ಮೆಟ್ಟಿಲು ಅಲ್ಲೇ ಇವೆ. ನಿಕಿತಾಳಿಗೆ ದಾರಿ ಗೊತ್ತಿದೆ. ಅವಳು ಶನಿವಾರ ಶನಿವಾರ ಅಲ್ಲಿಗೆ ಹೋಗುತ್ತಾಳೆಂದು ನಿನಗೆ ಹೇಳಿರಲಿಕ್ಕಿಲ್ಲ, ನಾನು ಹೇಳುತ್ತಿದ್ದೇನೆ.

ಮಗನನ್ನು ಉಪವಾಸ ಕೂಡಿಸಿ ಉಂಡಿಯಾ ಎಂದು ಬರೆದಿದ್ದೀ. ಹೌದು, ಉಂಡೆ. ಲೊರೇನ್ ಕಿಟಕಿಗೆ ಹೋದದ್ದನ್ನು ನೀನೇ ನೋಡಿದ್ದೀ. ನಿಂತು ಕೆಳಗೆ ನೋಡಿ, ತಿರುಗಿ ಬಂದು ಕುಳಿತಳು.

“ನಿಮ್ಮ ಮಗ ಹಸಿದಿದ್ದಾನೆಯೇ?” ಎಂದು ನಿಕಿತಾಳ ಬಾಯಿಂದ ಕೇಳಿಸಿದಳು.

“ಹೂಂ, ಹಸದಾನ,” ಎಂದೆ.

ಹೌದಾ, ಎಂದು ಅವಳು ಇನ್ನೊಂದು ರೊಟ್ಟಿ ತೆಗೆದುಕೊಂಡು ಮುರಿದಳು. ನಾನೂ ಮುರಿದೆ.

ಶಾಂತವ್ವ